ಹೊಸ ಫೆಂಡರ್ ಕೂರುತ್ತಿಲ್ಲ: ತಪ್ಪು ಫೆಂಡರಿನದೋ, ಬಾಡಿಯದೋ?

ಹಳೆಚಕ್ರ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 1967ರ ತೆರೆದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎಂಜಿಬಿ ರೋಡ್‌ಸ್ಟರ್. ಅರ್ಧ ಕೆಲಸ ಆಗಿ ನಿಂತಿದ್ದ ಗಾಡಿಯನ್ನು ಹಾಗೇ ಕೊಂಡೆ. ಹಿಂದಿನ ಮಾಲೀಕರು ಎಡಗಡೆಯ ಹೊರಗಿನ ಸಿಲ್ (ಬಾಗಿಲ ಕೆಳಗೆ ಉದ್ದಕ್ಕೆ ಓಡುವ ತಗಡು) ಬದಲಿಸಿ ಪ್ರೈಮರ್ ಹೊಡೆಸಿದ್ದಾರೆ. ಮುಂದಿನ ಚಕ್ರದ ಮೇಲಿನ ಫೆಂಡರ್ ಮಾತ್ರ ತುಕ್ಕು ತಿಂದು ಹೋಗಿತ್ತು. ಹೊಸದು ತರಿಸಿ ಬೋಲ್ಟ್ ಹಾಕಿ ನೋಡಿದರೆ ಬಾಗಿಲಿಗೂ ಫೆಂಡರಿಗೂ ನಡುವೆ ಮೇಲೆ 2 ಮಿ.ಮೀ. ಗ್ಯಾಪ್, ಕೆಳಗೆ 7 ಮಿ.ಮೀ. ಬೋಲ್ಟ್ ಸಡಿಲ ಮಾಡಿ ಹೇಗೆ ಎಳೆದಾಡಿದರೂ ಸರಿಹೋಗುತ್ತಿಲ್ಲ. ಮೇಲಿನ ಅಂಚನ್ನು ಸ್ವಲ್ಪ ಗ್ರೈಂಡ್ ಮಾಡಿ ಮುಗಿಸಲಾ, ಇಲ್ಲ ಪ್ಯಾನೆಲ್ ವಾಪಸ್ ಕಳಿಸಲಾ? ಇನ್ನೊಂದು ವಿಷಯ. ಪಕ್ಕದಲ್ಲಿ ಓಡುವ ಹೊಳೆಯುವ ಪಟ್ಟಿಗೆ ಇದರಲ್ಲಿ ತೂತುಗಳೇ ಇಲ್ಲ.

ತಗಡುಪ್ರೇಮಿ
ಗ್ರೈಂಡರ್ ದೂರ ಇಡಿ ಸಾರ್. ಬಾಗಿಲಿನ ಹಿಂದಿನ ಗ್ಯಾಪ್ ಎಷ್ಟಿದೆ? ಮೇಲೆ, ಕೆಳಗೆ ಎರಡೂ ಹೇಳಿ.

ರಾತ್ರಿಗ್ಯಾರೇಜ್
ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ಳೋದು? ಬೇರೆಯವರು ಮಾಡುವ ಪ್ಯಾನೆಲ್ ಯಾವುದೂ ಸರಿಯಾಗಿ ಕೂರುವುದಿಲ್ಲ. ಮೇಲೆ 2 ಮಿ.ಮೀ. ತೆಗೆಯಿರಿ, ಕೆಳಗೆ ಅಂಚಿಗೆ ವೆಲ್ಡ್ ತುಂಬಿಸಿ. ನನ್ನ ಗಾಡಿಯಲ್ಲಿ ಹಾಗೇ ಮಾಡಿದ್ದೇನೆ, ಯಾರಿಗೂ ಗೊತ್ತಾಗಿಲ್ಲ.

ಹಳೆಚಕ್ರ
ಅಳೆದೆ. ಹಿಂದೆ ಮೇಲೆ 3, ಕೆಳಗೆ 6.

ತಗಡುಪ್ರೇಮಿ
ಹಾಗಿದ್ದರೆ ಇದು ಬರೀ ಫೆಂಡರಿನ ತೊಂದರೆ ಅಲ್ಲ. ಲೆಕ್ಕ ನೋಡಿ. ಮೇಲೆ ಮುಂದಿನ ಗ್ಯಾಪ್, ಹಿಂದಿನ ಗ್ಯಾಪ್ ಕೂಡಿಸಿದರೆ 5. ಕೆಳಗೆ ಕೂಡಿಸಿದರೆ 13.

ಹಿಂಜ್ ಸವೆದು ಬಾಗಿಲು ಜೋತುಬಿದ್ದಿದ್ದರೆ ಬೇರೆ ತರ ಕಾಣುತ್ತಿತ್ತು. ಬಾಗಿಲಿನ ಹಿಂದಿನ ತುದಿ ಕೆಳಗಿಳಿದಾಗ ಮೇಲ್ಭಾಗ ಹಿಂದಕ್ಕೆ ವಾಲುತ್ತದೆ, ಕೆಳಭಾಗ ಮುಂದಕ್ಕೆ ಬರುತ್ತದೆ. ಅಂದರೆ ಮುಂದಿನ ಗ್ಯಾಪ್ ಮೇಲೆ ದೊಡ್ಡದಾಗುತ್ತದೆ, ಹಿಂದಿನದು ಮೇಲೆ ಸಣ್ಣದಾಗುತ್ತದೆ. ಒಂದು ಕಡೆ ಹೋಗಿದ್ದು ಇನ್ನೊಂದು ಕಡೆ ಬರುತ್ತದೆ. ಹಾಗಾಗಿ ಮೇಲಿನ ಮೊತ್ತ, ಕೆಳಗಿನ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ.

ನಿಮ್ಮದರಲ್ಲಿ ಮೊತ್ತವೇ ಬೇರೆಯಾಗಿದೆ. ಎರಡು ಕಡೆಯಿಂದಲೂ ಮೇಲೆ ಬಿಗಿ, ಕೆಳಗೆ ಸಡಿಲ. ಬಾಗಿಲು ಕೂರುವ ಚೌಕಟ್ಟೇ ಮೇಲೆ ಕಿರಿದಾಗಿದೆ ಅನ್ನಿಸುತ್ತದೆ. ತೆರೆದ ಗಾಡಿಯ ನಡು ಕುಸಿದರೆ ಹೀಗೇ ಆಗುವುದು. ಮೇಲೆ ಹಿಡಿದುಕೊಳ್ಳಲು ರೂಫ್ ಇಲ್ಲ. ಈ ಗಾಡಿಗೆ ಬೇರೆ ಚಾಸಿಯೂ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಆ ಭಾರದಲ್ಲಿ ದೊಡ್ಡ ಪಾಲು ಸಿಲ್‌ಗಳ ಮೇಲೆ. ಸಿಲ್ ಕತ್ತರಿಸುವಾಗ ಕೆಳಗೆ ಸರಿಯಾದ ಆಸರೆ ಇರದಿದ್ದರೆ ಕುಸಿದ ಆಕಾರದಲ್ಲೇ ಹೊಸ ಸಿಲ್ ವೆಲ್ಡ್ ಆಗಿಬಿಡುತ್ತದೆ.

ಫೆಂಡರಿನ ಅಂಚೂ ಸ್ವಲ್ಪ ಓರೆ ಇರಬಹುದು, ಅದನ್ನು ಈಗಲೇ ತಳ್ಳಿಹಾಕುವ ಹಾಗಿಲ್ಲ. ಫೆಂಡರ್ ಬಿಚ್ಚಿಡಿ. ಬಾಗಿಲ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಮೇಲೊಂದು, ಕೆಳಗೊಂದು ಅಳತೆ ತಗೊಳ್ಳಿ. ಮೂಲೆಯಿಂದ ಮೂಲೆಗೆ ಎರಡು ಅಡ್ಡ ಅಳತೆ. ಬಲಗಡೆಯೂ ಅಷ್ಟೇ ಅಳೆಯಿರಿ. ಬಲಗಡೆ ಸಿಲ್ ಯಾರೂ ಮುಟ್ಟಿಲ್ಲ ಅಲ್ವಾ?

ಸುತ್ತಿಗೆಡಾಲಿ
ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ಅಳೆಯುವಾಗ ಗಾಡಿ ಹೇಗೆ ನಿಂತಿದೆ ಅನ್ನುವುದನ್ನೂ ನೋಡಿ. ನಡುಭಾಗಕ್ಕೆ ಜಾಕಿ ಕೊಟ್ಟು ಅಳೆದರೆ ಒಂದು ಲೆಕ್ಕ ಬರುತ್ತದೆ, ಚಕ್ರದ ಮೇಲೆ ನಿಲ್ಲಿಸಿದರೆ ಇನ್ನೊಂದು. ಎಂಜಿನ್, ಗೇರ್‌ಬಾಕ್ಸ್ ಒಳಗಿದೆಯಾ? ಬರೀ ಬಾಡಿಯಲ್ಲಿ ಚೆನ್ನಾಗಿ ಹೊಂದಿಸಿದ ಗ್ಯಾಪ್ ಎಂಜಿನ್ ಕೂರಿಸಿದ ಮೇಲೆ ಬದಲಾಗುವುದನ್ನು ನೋಡಿದ್ದೇನೆ.

ಹಿಂಜ್ ಕೂಡ ಒಮ್ಮೆ ಪರೀಕ್ಷೆ ಮಾಡಿ. ಬಾಗಿಲು ಅರ್ಧ ತೆಗೆದು ಹಿಂದಿನ ತುದಿ ಹಿಡಿದು ಮೇಲಕ್ಕೆತ್ತಿ. ಇನ್ನೊಬ್ಬರು ಹಿಂಜ್ ಮೇಲೆ ಬೆರಳಿಟ್ಟಿರಲಿ. ಅಲ್ಲಿ ಆಟ ಸಿಕ್ಕರೆ ಪಿನ್ ಸವೆದಿದೆ. ಹಿಂಜ್ ಅಲ್ಲಾಡದೆ ಕಂಬದ ತಗಡೇ ಅಲ್ಲಾಡಿದರೆ ಕಂಬದ ಒಳಗೆ ತುಕ್ಕು ಹಿಡಿದಿದೆ. ಅದು ಪಿನ್‌ಗಿಂತ ದೊಡ್ಡ ಕೆಲಸ.

ಹೊಸಬ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಮೂಲ ಅಚ್ಚಿನಿಂದ ಮಾಡಿದ ಪ್ಯಾನೆಲ್ ತಗೊಂಡರೆ ಈ ತಲೆನೋವು ಇರುವುದಿಲ್ಲವಾ?

ತಗಡುಪ್ರೇಮಿ
ಕಮ್ಮಿ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಂಜಿಬಿ ವಿಷಯದಲ್ಲಿ ನಾವು ಅದೃಷ್ಟವಂತರು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತಂದು 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಕೊಡುತ್ತಿದೆ. ಎಲ್ಲ ಗಾಡಿಗೂ ಈ ಭಾಗ್ಯ ಇಲ್ಲ. ಆದರೆ ಅಂಥ ಪ್ಯಾನೆಲನ್ನೂ ಹೊಂದಿಸಿಯೇ ಹಾಕಬೇಕು. ಕಾರ್ಖಾನೆಯಲ್ಲೇ ಮರದ ತುಂಡು ಇಟ್ಟು ಬಾಗಿಲು ಬಗ್ಗಿಸುತ್ತಿದ್ದ ಕಾಲ ಅದು. ಗ್ಯಾಪ್ ಸರಿಯಿಲ್ಲದ ಕಡೆ ಸೀಸ ತುಂಬಿ ಅರ ಹಾಕುತ್ತಿದ್ದರು. ಎಡಗಡೆ, ಬಲಗಡೆ ಒಂದೇ ಅಳತೆ ಇರಬೇಕು ಅಂತ ಆಗಲೂ ಯಾರೂ ಹಟ ಹಿಡಿದಿರಲಿಲ್ಲ.

ಮುಖ್ಯವಾಗಿ, ನಿಮ್ಮ ಗಾಡಿ ಐವತ್ತು ವರ್ಷದ ಮೇಲೆ ಓಡಿದೆ, ಎಲ್ಲೋ ಗುದ್ದಿಸಿಕೊಂಡಿದೆ, ರಿಪೇರಿ ಆಗಿದೆ. ಪ್ಯಾನೆಲ್ ಅಚ್ಚಿನ ಪ್ರಕಾರ ಸರಿ ಇದ್ದರೂ ಗಾಡಿ ಆ ಅಚ್ಚಿನ ಪ್ರಕಾರ ಉಳಿದಿರಬೇಕಲ್ಲ?

ಕ್ರೋಮ್‌ಪಟ್ಟಿ
ಜಾಗ್ವಾರ್ ಇ-ಟೈಪ್ ಇಟ್ಟುಕೊಂಡವರನ್ನು ಕೇಳಿ. ಮುಂದಿನ ಅರ್ಧ ಗಾಡಿಯೇ ಬಾನೆಟ್. ನಡುವಿನ ಭಾಗ, ಎರಡು ಫೆಂಡರ್, ಎಲ್ಲ ಸೇರಿಸಿ ಬೋಲ್ಟ್ ಮಾಡಿ, ಸಂದಿನ ಮೇಲೆ ಕ್ರೋಮ್ ಪಟ್ಟಿ. ಅದನ್ನು ಬಾಗಿಲಿಗೆ, ವಿಂಡ್‌ಸ್ಕ್ರೀನ್ ಮುಂದಿನ ತಗಡಿಗೆ ಒಟ್ಟಿಗೇ ಹೊಂದಿಸುವುದು ತಾಳ್ಮೆಯ ಪರೀಕ್ಷೆ. ಇನ್ನೊಂದು ಕಡೆ 1955ರಲ್ಲಿ ಬಂದ ಸಿಟ್ರೊಯೆನ್ ಡಿಎಸ್. ಹಿಂದಿನ ಫೆಂಡರ್ ಒಂದೇ ಒಂದು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಯಾರೋ ಮೆಕ್ಯಾನಿಕ್ ಮೇಲೆ ಕರುಣೆ ಇದ್ದವರು ಮಾಡಿದ್ದು!

ಹಳೆಚಕ್ರ
ಅಳತೆ ತಗೊಂಡೆ. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿದ್ದೆ, ಎಂಜಿನ್ ಒಳಗಿದೆ. ಕೆಳಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮೇಲೆ ಮಾತ್ರ ಎಡಗಡೆ 5 ಮಿ.ಮೀ. ಕಮ್ಮಿ. ಅಡ್ಡ ಅಳತೆಗಳೂ ಬಲಗಡೆಗೆ ಹೋಲುತ್ತಿಲ್ಲ. ಹಿಂಜ್ ಪಿನ್‌ನಲ್ಲಿ ಸಣ್ಣ ಆಟ ಇದೆ. ಕಂಬ ಗಟ್ಟಿ ಇದೆ. ಬಲಗಡೆ ಸಿಲ್ ಹಳೆಯದೇ, ಚುಚ್ಚಿ ನೋಡಿದೆ, ಗಟ್ಟಿಯಾಗಿದೆ.

ತಗಡುಪ್ರೇಮಿ
ನೋಡಿ, ಮೇಲಿನ ಮೊತ್ತ 5ಕ್ಕೂ ಕೆಳಗಿನ ಮೊತ್ತ 13ಕ್ಕೂ ಇರುವ 8 ಮಿ.ಮೀ. ವ್ಯತ್ಯಾಸದಲ್ಲಿ 5 ಬಾಡಿಯದು. ಉಳಿದ 3 ಫೆಂಡರ್ ಅಂಚಿನದು, ಇಲ್ಲವೇ ಅದರ ಬೋಲ್ಟ್ ತೂತಿನದು. ಇಬ್ಬರೂ ಸೇರಿ ನಿಮ್ಮನ್ನು ಆಟ ಆಡಿಸಿದ್ದಾರೆ. ಬಾಡಿ ಸರಿಯಾಗುವವರೆಗೆ ಫೆಂಡರನ್ನು ಮರೆತುಬಿಡಿ.

ರಾತ್ರಿಗ್ಯಾರೇಜ್
5 ಮಿ.ಮೀ.ಗೆ ಹೊಸ ಸಿಲ್ ಕಿತ್ತು ಹಾಕುವುದಾ? ನನಗೇನೋ ಅತಿ ಅನ್ನಿಸುತ್ತದೆ. ಫೆಂಡರ್ ಅಂಚು ಸರಿಮಾಡಿದರೆ ಕಣ್ಣಿಗೆ ಸರಿ ಕಾಣುತ್ತದೆ. ಪ್ರದರ್ಶನಕ್ಕೆ ಇಡುವ ಗಾಡಿ ಅಲ್ಲವಲ್ಲ.

ಸುತ್ತಿಗೆಡಾಲಿ
ಕಣ್ಣಿನ ವಿಷಯ ಪಕ್ಕಕ್ಕಿರಲಿ. ಹಿಂದಿನವರು ಹೊರಗಿನ ಸಿಲ್ ಒಂದನ್ನೇ ಬದಲಿಸಿದ್ದಾರೆ. ಎಂಜಿಬಿ ಸಿಲ್ ಅಂದರೆ ಬರೀ ಹೊರಗಿನ ತಗಡಲ್ಲ. ಹೊರಗಿನ ಸಿಲ್, ಅದರ ಹಿಂದೆ ನಿಂತ ನಡುವಿನ ತಗಡು, ಒಳಗಿನ ಸಿಲ್, ಕೆಳಗೆ ಕ್ಯಾಸಲ್ ಸೆಕ್ಷನ್ ಅನ್ನುವ ಕೋಟೆಗೋಡೆಯ ತೆನೆಯಂಥ ಪಟ್ಟಿ, ಎಲ್ಲ ಸೇರಿದರೆ ಒಂದು ಪೆಟ್ಟಿಗೆ. ಒಳಗಿನವು ಕೊಳೆತಿದ್ದು ಮೇಲೆ ಹೊಸ ತಗಡು ಮುಚ್ಚಿದ್ದರೆ ಗಾಡಿ ಓಡುತ್ತಾ ಇನ್ನೂ ಕುಸಿಯುತ್ತದೆ. ನೀವು ಎಷ್ಟು ಚೆಂದ ಅಂಚು ಉಜ್ಜಿದರೂ ಆಮೇಲೆ ಬಾಗಿಲು ಮತ್ತೆ ಫೆಂಡರಿಗೆ ತಾಗುತ್ತದೆ, ಪೇಂಟ್ ಹಾರುತ್ತದೆ. ಸೀಟ್‌ಬೆಲ್ಟ್ ಹಿಡಿದಿರುವುದೂ ಅಲ್ಲೇ ಸುತ್ತಮುತ್ತಲಿನ ತಗಡಿಗೆ. ತೆಗೆದು ನೋಡುವುದೇ ಒಳ್ಳೆಯದು.

ರಾತ್ರಿಗ್ಯಾರೇಜ್
ಒಳಗಿನ ತಗಡಿನ ವಿಷಯ ಸರಿ, ಒಪ್ಪಿದೆ. ಸಿಲ್ ಗಟ್ಟಿ ಇದ್ದಿದ್ದರೆ ಮಾತ್ರ ನನ್ನ ದಾರಿಯೇ.

ಹಳೆಚಕ್ರ
ಸಿಲ್‌ನ ಕೆಳಗಿನ ನೀರು ಹೋಗುವ ತೂತಿನಿಂದ ಸಣ್ಣ ಕ್ಯಾಮೆರಾ ತೂರಿಸಿ ನೋಡಿದೆ. ರಾತ್ರಿಗ್ಯಾರೇಜ್ ಅವರೇ, ನಡುವಿನ ತಗಡಿನ ಕೆಳಗಿನ ಅಂಚು ಜಾಲರಿ ಆಗಿದೆ. ಸರಿ, ತೆಗೆಯಲೇಬೇಕು. ಹೇಗೆ ಶುರುಮಾಡಲಿ?

ತಗಡುಪ್ರೇಮಿ
ಮೊದಲು ಆಸರೆ. ಮುಂದೆ ಕ್ರಾಸ್‌ಮೆಂಬರ್ (ಮುಂದಿನ ಚಕ್ರಗಳನ್ನು ಹಿಡಿಯುವ ಅಡ್ಡ ತೊಲೆ) ಕೂರುವ ಜಾಗ, ಹಿಂದೆ ಸ್ಪ್ರಿಂಗ್ ಹಿಡಿಯುವ ಜಾಗ, ಅಲ್ಲಿ ಸ್ಟ್ಯಾಂಡ್ ಕೊಡಿ. ಅಂದರೆ ಗಾಡಿಯ ಭಾರ ಎಲ್ಲಿ ಬೀಳುತ್ತದೋ ಅಲ್ಲೇ. ನಾಲ್ಕೂ ಕಡೆ ಮಟ್ಟಗೋಲು ಇಟ್ಟು ನೋಡಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಡಿ. ಬ್ಯಾಟರಿ ತೆಗೆಯಿರಿ. ಕಾರ್ಪೆಟ್, ಸೀಟ್, ವೈರಿಂಗ್ ಹತ್ತಿರ ಇದ್ದರೆ ಸರಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.

ಆಮೇಲೆ ಬಾಗಿಲಿನ ಚೌಕಟ್ಟಿಗೆ ಅಡ್ಡ ಬ್ರೇಸ್, ಅಂದರೆ ಆಕಾರ ಹಿಡಿದಿಡುವ ಪೈಪ್. ಎಡಗಡೆ ಉದ್ದ ಬದಲಿಸಲು ಬರುವಂಥದ್ದು ಬೇಕು, ನಡುವೆ ಟರ್ನ್‌ಬಕಲ್ (ತಿರುಗಿಸಿದರೆ ಉದ್ದ ಬದಲಾಗುವ ಸ್ಕ್ರೂ) ಇರುವಂಥದ್ದು. ಬಲಗಡೆ ಚೌಕಟ್ಟು ಸರಿಯಿದೆ, ಅಲ್ಲಿ ಚೌಕ ಪೈಪ್ ಬೆಸೆದು ಹಾಗೇ ಹಿಡಿದಿಡಿ. ಎಡಗಡೆ ಹೊರಗಿನ ಸಿಲ್‌ನ ವೆಲ್ಡ್ ಬಿಡಿಸಿ, ಟರ್ನ್‌ಬಕಲನ್ನು ನಿಧಾನವಾಗಿ ತಿರುಗಿಸಿ. ಒಂದೇ ಸಲ ಎಳೆಯಬೇಡಿ. ಬಿಟ್ಟ ಮೇಲೆ ತಗಡು ಸ್ವಲ್ಪ ವಾಪಸ್ ಬರುತ್ತದೆ, ಅದಕ್ಕೂ ಲೆಕ್ಕ ಇಟ್ಟುಕೊಳ್ಳಿ. ಬಲಗಡೆಯ ಅಳತೆಗೆ ಬಂದ ಮೇಲೆ ಹೊಸ ಪಿನ್ ಹಾಕಿದ ಹಿಂಜ್ ಜೊತೆ ಬಾಗಿಲು ತೂಗುಹಾಕಿ. ಬಾಗಿಲು ತೂಗಿರುವಾಗಲೇ ಸಿಲ್ ಹೊಂದಿಸಬೇಕು. ಬಾಗಿಲು ಪಕ್ಕಕ್ಕಿಟ್ಟು ಸಿಲ್ ಬೆಸೆದವರು ಆಮೇಲೆ ಇಂಥ ಪ್ರಶ್ನೆ ಕೇಳಿಕೊಂಡು ಬರುತ್ತಾರೆ.

ಕ್ರಮ ಹೇಳಬೇಕೆಂದರೆ, ಬಾಗಿಲನ್ನು ಹಿಂದಿನ ಫೆಂಡರಿಗೆ ಹೊಂದಿಸಿ. ಅದು ವೆಲ್ಡ್ ಆಗಿರುವ ತಗಡು, ಅಲುಗಾಡಲ್ಲ. ಆ ಬಾಗಿಲಿಗೆ ಸಿಲ್ ಹೊಂದಿಸಿ. ಅದೇ ಬಾಗಿಲಿಗೆ ಮುಂದಿನ ಫೆಂಡರ್. ಎರಡೂ ಫೆಂಡರ್ ಕೂತ ಮೇಲೆ ಬಾನೆಟ್. ಉಲ್ಟಾ ಹೋದರೆ ತಪ್ಪೆಲ್ಲ ಬಾಗಿಲಿಗೆ ಬಂದು ಸೇರುತ್ತದೆ.

ಸುತ್ತಿಗೆಡಾಲಿ
ವೆಲ್ಡಿಂಗ್ ಬಗ್ಗೆ ಎರಡು ಮಾತು. ಸ್ಪಾಟ್ ವೆಲ್ಡ್ ಬಿಡಿಸಲು ಅದಕ್ಕೆಂದೇ ಬರುವ ಚಪ್ಪಟೆ ತುದಿಯ ಡ್ರಿಲ್ ತಗೊಳ್ಳಿ. ಮೇಲಿನ ತಗಡು ಮಾತ್ರ ಕೊರೆಯಿರಿ, ಕೆಳಗಿನದು ಉಳಿಯಲಿ. ಹೊಸ ತಗಡಿನ ಅಂಚಿನಲ್ಲಿ 6 ರಿಂದ 8 ಮಿ.ಮೀ. ತೂತು ಮಾಡಿಕೊಂಡು ಮಿಗ್‌ನಲ್ಲಿ (ತಂತಿ ತಾನೇ ಬರುವ ವೆಲ್ಡಿಂಗ್) ಪ್ಲಗ್ ವೆಲ್ಡ್ ಮಾಡಿ, ಅಂದರೆ ಆ ತೂತು ತುಂಬುವಂತೆ ಬೆಸೆಯಿರಿ. 0.6 ಮಿ.ಮೀ. ತಂತಿ ಈ ತಗಡಿಗೆ ಚೆನ್ನಾಗಿರುತ್ತದೆ. ಎರಡು ತಗಡು ಸೇರುವ ಒಳಮುಖಕ್ಕೆ ಝಿಂಕ್ ಇರುವ ವೆಲ್ಡ್-ಥ್ರೂ ಪ್ರೈಮರ್ ತೆಳ್ಳಗೆ ಹೊಡೆಯಿರಿ. ತೂತಿನ ಒಳಗೆ ಮಾತ್ರ ಬರಿ ತಗಡು ಕಾಣಲಿ. ಝಿಂಕ್ ಹೊಗೆ ಕೆಟ್ಟದ್ದು, ಗಾಳಿ ಆಡುವ ಜಾಗದಲ್ಲಿ ಕೆಲಸ ಮಾಡಿ.

ಎಲ್ಲಕ್ಕಿಂತ ಮೊದಲು ಸ್ಕ್ರೂ ಅಥವಾ ಕ್ಲೆಕೋ (ತೂತಿಗೆ ಹಾಕುವ ತಾತ್ಕಾಲಿಕ ಕ್ಲಿಪ್) ಹಾಕಿ ಹಿಡಿದಿಡಿ. ಬಾಗಿಲು ಹಾಕಿ ನೋಡಿ, ಆಮೇಲೆ ಒಂದೊಂದು ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್) ಕೊಡಿ. ಮತ್ತೆ ಬಾಗಿಲು ಹಾಕಿ ನೋಡಿ. ಒಂದೇ ಕಡೆಯಿಂದ ಸಾಲಾಗಿ ಬೆಸೆಯುತ್ತಾ ಹೋದರೆ ಬಿಸಿಗೆ ತಗಡು ಎಳೆದುಕೊಳ್ಳುತ್ತದೆ. ಅಲ್ಲೊಂದು, ಇಲ್ಲೊಂದು ಹಾಕಿ, ಆರಲು ಬಿಡಿ. ಹೊರಗೆ ಕಾಣುವ ಚಪ್ಪಟೆ ತಗಡನ್ನು ಅಂಚಿಗೆ ಅಂಚು ಸೇರಿಸಬೇಕಾದ ಕಡೆ ಟಿಗ್ (ತಂತಿಯನ್ನು ಕೈಯಲ್ಲೇ ಕೊಡುವ ವೆಲ್ಡಿಂಗ್) ಬಂದರೆ ಅದನ್ನೇ ಮಾಡಿ. ಆ ವೆಲ್ಡ್ ಮೃದು, ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಇಟ್ಟು ಸುತ್ತಿಗೆಯಲ್ಲಿ ಬಡಿದರೆ ಎಳೆದುಕೊಂಡಿದ್ದು ಮತ್ತೆ ಹರಡುತ್ತದೆ. ಮಿಗ್ ವೆಲ್ಡ್ ಗಟ್ಟಿ, ಅಷ್ಟು ಸುಲಭಕ್ಕೆ ಬಗ್ಗಲ್ಲ.

ಹೊಸಬ
ಹೊಸ ಪ್ಯಾನೆಲ್ ಮೇಲೆ ಬರುವ ಕಪ್ಪು ಕೋಟ್ ಹಾಗೇ ಇಟ್ಟು ಪೇಂಟ್ ಹೊಡೆಯಬಹುದಾ?

ಸುತ್ತಿಗೆಡಾಲಿ
ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ ನೋಡಿ. ಕರಗಿ ಬಟ್ಟೆಗೆ ಬಂದರೆ ಅದು ಸಾಗಿಸುವಾಗ ತುಕ್ಕು ಹಿಡಿಯದಿರಲಿ ಅಂತ ಬಳಿದ ಬಣ್ಣ ಅಷ್ಟೇ, ಪೂರ್ತಿ ತೆಗೆಯಿರಿ. ಕರಗದಿದ್ದರೆ ಕರೆಂಟ್ ಹಾಯಿಸಿ ಕೂರಿಸಿ ಬೇಯಿಸಿದ ಕೋಟ್ ಇರಬಹುದು, ಉಜ್ಜಿ ಒರಟು ಮಾಡಿ ಅದರ ಮೇಲೇ ಪ್ರೈಮರ್ ಹೊಡೆಯಬಹುದು.

ಹಳೆಚಕ್ರ
ತುಂಬಾ ಉಪಕಾರ ಆಯಿತು. ಸಿಲ್ ಪೆಟ್ಟಿಗೆ ಪೂರ್ತಿ ಹೊಸದು ಹಾಕಿಸಿದೆ, ವೆಲ್ಡಿಂಗ್‌ಗೆ ಪರಿಚಯದ ಟಿಂಕರ್ ಒಬ್ಬರು ಬಂದಿದ್ದರು. ಬ್ರೇಸ್ ತೆಗೆದ ಮೇಲೂ ಅಳತೆ ನಿಂತಿದೆ. ಈಗ ಹಿಂದಿನ ಗ್ಯಾಪ್ ಮೇಲಿಂದ ಕೆಳಗೆ 4 ಮಿ.ಮೀ. ಇದೆ. ಮುಂದೆ ಫೆಂಡರ್ ಹಾಕಿದರೆ ಮೇಲೆ 3, ಕೆಳಗೆ 6. ತಗಡುಪ್ರೇಮಿ ಹೇಳಿದ 3 ಮಿ.ಮೀ. ಸಿಕ್ಕಿತು!

ತಗಡುಪ್ರೇಮಿ
ಈಗ ಫೆಂಡರ್ ಕಡೆ ನೋಡೋಣ. ಎಲ್ಲ ಬೋಲ್ಟ್ ಸಡಿಲ ಇಟ್ಟು, ಬಾಗಿಲಿನ ಕಡೆಯಿಂದ ಬಿಗಿ ಮಾಡುತ್ತಾ ಮುಂದಕ್ಕೆ ಹೋಗಿ. ತೂತು ಅಡ್ಡ ಬಂದರೆ ಅರ ಹಾಕಿ ಸ್ವಲ್ಪ ಉದ್ದ ಮಾಡಿ. ಮೇಲ್ಮೈ ಬಾಗಿಲಿಗಿಂತ ಒಳಗೆ ಕೂತರೆ ಕೆಳಗೆ ಪ್ಯಾಕಿಂಗ್ ವಾಷರ್ ಕೊಡಿ. ಇಷ್ಟಾದ ಮೇಲೂ ಉಳಿಯುವ ಒಂದೋ ಎರಡೋ ಮಿ.ಮೀ.ಗೆ ರಾತ್ರಿಗ್ಯಾರೇಜ್ ಹೇಳಿದ ದಾರಿ ಸರಿ. ಕೆಳಗಿನ ಅಂಚಿಗೆ ತೆಳ್ಳಗೆ ವೆಲ್ಡ್ ತುಂಬಿಸಿ ಅರ ಹಾಕಿ. ಆದರೆ ಮೇಲೆ ಮಡಚಿದ ಅಂಚನ್ನು ಉಜ್ಜಬೇಡಿ. ಮಡಿಕೆ ತೆಳುವಾಗಿ ಬಾಯಿ ಬಿಡುತ್ತದೆ.

ಬರಿ ತಗಡಿನಲ್ಲೇ ಕೊನೆಯ ಅಳತೆ ಹಿಡಿಯಬೇಡಿ. ಪ್ರೈಮರ್, ಬಣ್ಣ ಎಲ್ಲ ಸೇರಿ ಎರಡೂ ಅಂಚಿನಿಂದ ಅರ್ಧ ಮಿ.ಮೀ. ತನಕ ಗ್ಯಾಪ್ ತಿನ್ನುತ್ತದೆ.

ಕ್ರೋಮ್‌ಪಟ್ಟಿ
ಬಾಗಿಲ ಸುತ್ತ ರಬ್ಬರ್ ಬೀಡಿಂಗ್ ಹಾಕಿದ್ದೀರಾ? ಇಲ್ಲ ಅಂತ ನನ್ನ ಅನುಮಾನ. ಹೊಸ ಬೀಡಿಂಗ್ ಗಟ್ಟಿ ಇರುತ್ತದೆ, ಬಾಗಿಲನ್ನು ಹೊರಗೆ ತಳ್ಳುತ್ತದೆ. ಬೀಡಿಂಗ್ ಇಲ್ಲದೆ ಮಟ್ಟ ಸರಿ ಮಾಡಿ, ಪೇಂಟ್ ಮುಗಿಸಿ, ಆಮೇಲೆ ಬೀಡಿಂಗ್ ಹಾಕಿದರೆ ಬಾಗಿಲಿನ ಹಿಂದಿನ ಅಂಚು ಎದ್ದು ನಿಲ್ಲುತ್ತದೆ. ಈಗಲೇ ಹಾಕಿ ನೋಡಿ. ಒಂದು ಕಾಗದದ ಪಟ್ಟಿ ಬೀಡಿಂಗ್ ಮೇಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತ ಎಲ್ಲ ಕಡೆ ಒಂದೇ ತರ ಬಿಗಿ ಸಿಗಬೇಕು. ಬಂಪರ್, ಹೆಡ್‌ಲೈಟ್ ರಿಂಗ್, ಗ್ರಿಲ್, ಇಂಡಿಕೇಟರ್ ಎಲ್ಲವನ್ನೂ ಪೇಂಟ್‌ಗೆ ಮುಂಚೆ ಒಮ್ಮೆ ಕೂರಿಸಿ ಬಿಚ್ಚಿ. ಹೊಸ ಪೇಂಟ್ ಮೇಲೆ ಡ್ರಿಲ್ ಓಡಿಸುವ ಗಳಿಗೆ ಯಾರಿಗೂ ಬೇಡ.

ಪಕ್ಕದ ಪಟ್ಟಿಯ ತೂತಿನ ವಿಷಯ. ಹಳೆಯ ಫೆಂಡರ್ ಎಸೆದಿಲ್ಲ ತಾನೇ?

ಹಳೆಚಕ್ರ
ಇದೆ. ಕೆಳಗಿನ ಅರ್ಧ ಇಲ್ಲ, ಪಟ್ಟಿ ಓಡುವ ಸಾಲು ಉಳಿದಿದೆ.

ಕ್ರೋಮ್‌ಪಟ್ಟಿ
ಅಷ್ಟು ಸಾಕು. ಟ್ರೇಸಿಂಗ್ ಕಾಗದ ಅಂಟಿಸಿ ತೂತುಗಳನ್ನೂ ಬಾಗಿಲ ಕಡೆಯ ಅಂಚನ್ನೂ ಗುರುತು ಮಾಡಿಕೊಳ್ಳಿ. ಆದರೆ ಕುರುಡಾಗಿ ನಕಲು ಮಾಡಬೇಡಿ. ಹೊಸ ಫೆಂಡರ್ ಕೊನೆಯ ಜಾಗದಲ್ಲಿ ಕೂತ ಮೇಲೆ ಹಿಂದಿನ ಫೆಂಡರಿನಿಂದ ಬಾಗಿಲ ಮೇಲೆ ಹಾಯ್ದು ಮುಂದಕ್ಕೆ ಸಣ್ಣ ಟೇಪ್ ಎಳೆಯಿರಿ. ಕೆಳಗೆ ಕೂತು ಕಣ್ಣಿನ ಮಟ್ಟದಲ್ಲಿ ನೋಡಿ, ದೂರ ಹೋಗಿಯೂ ನೋಡಿ. ಕಾಗದದ ತೂತೂ ಟೇಪಿನ ಗೆರೆಯೂ ಜಗಳಾಡಿದರೆ ಗೆರೆಯ ಮಾತು ಕೇಳಿ. ಮೂರು ತುಂಡು ಪಟ್ಟಿಯಲ್ಲಿ ಒಂದು 2 ಮಿ.ಮೀ. ಏರಿದರೂ ಎದ್ದು ಕಾಣುತ್ತದೆ.

ಪಟ್ಟಿಯ ತುದಿ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಮುಖ್ಯ. ಬಾಗಿಲು ತೆಗೆಯುವಾಗ ಅದರ ಮುಂದಿನ ಅಂಚು ಫೆಂಡರಿನ ಒಳಕ್ಕೆ ತಿರುಗುತ್ತದೆ. ಬಾಗಿಲಿನ ಪಟ್ಟಿ ಅಂಚಿಗಿಂತ ಮುಂದೆ ಚಾಚಿದ್ದರೆ ಫೆಂಡರಿನ ಪೇಂಟ್ ಕೆರೆಯುತ್ತದೆ. ಟೇಪಿನಿಂದ ಪಟ್ಟಿ ಅಂಟಿಸಿ, ಬಾಗಿಲನ್ನು ನಿಧಾನವಾಗಿ ಪೂರ್ತಿ ತೆಗೆದು ನೋಡಿದ ಮೇಲೆಯೇ ಡ್ರಿಲ್. ಮೊದಲು ಸಣ್ಣ ತೂತು, ಆಮೇಲೆ ಕ್ಲಿಪ್ ಅಳತೆಗೆ. ತೂತಿನ ಅಂಚಿನ ಮುಳ್ಳು ತೆಗೆಯಿರಿ. ಪೇಂಟ್ ಆದ ಮೇಲೆ ಬ್ರಷ್‌ನಲ್ಲಿ ತೂತಿನ ಅಂಚಿಗೆ ಬಣ್ಣ ಮುಟ್ಟಿಸಿ, ಕ್ಲಿಪ್‌ಗೆ ವ್ಯಾಕ್ಸ್ ಸವರಿ ಹಾಕಿ. ಹಳೆ ಗಾಡಿಗಳಲ್ಲಿ ಫೆಂಡರ್ ನಡುವೆ ಸಾಲಾಗಿ ತುಕ್ಕಿನ ಚುಕ್ಕಿ ಕಾಣುತ್ತದಲ್ಲ, ಅದು ಈ ತೂತುಗಳಿಂದಲೇ ಶುರುವಾಗುವುದು.

ಹೊಸಬ
ಹಳೆಯ ಪಟ್ಟಿಗಳಲ್ಲಿ ಸಣ್ಣ ಗುಳಿ ಬಿದ್ದಿದ್ದರೆ?

ಕ್ರೋಮ್‌ಪಟ್ಟಿ
ಯಾವ ಲೋಹ ಅಂತ ನೋಡಿ. ಸ್ಟೇನ್‌ಲೆಸ್ ಆದರೆ ಖುಷಿಪಡಿ. ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಗಟ್ಟಿಮರದ ಮೇಲಿಟ್ಟು ತಟ್ಟಿ, ನಯವಾದ ಅರ ಸವರಿ ಎಲ್ಲಿ ಏರಿದೆ ನೋಡಿಕೊಳ್ಳಿ. ಆಮೇಲೆ 400ರಿಂದ ಶುರುಮಾಡಿ 1200ರ ತನಕ ನೀರು ಕಾಗದ, ಕೊನೆಗೆ ಬಫ್. ಅಲ್ಯೂಮಿನಿಯಂ ಪಟ್ಟಿಗೆ ಅನೋಡೈಸ್ ಪದರ ಇದ್ದರೆ ಎಷ್ಟು ಬಫ್ ಮಾಡಿದರೂ ಹೊಳಪು ಬರಲ್ಲ, ಆ ಪದರ ತೆಗೆಸಬೇಕು. ಅದನ್ನು ಕಾಸ್ಟಿಕ್ ಸೋಡಾದಲ್ಲಿ ತೆಗೆಯುತ್ತಾರೆ. ಅದು ಅಲ್ಯೂಮಿನಿಯಮನ್ನೂ ತಿನ್ನುತ್ತದೆ, ಕೈ ಕಣ್ಣಿಗೂ ಅಪಾಯ. ಗೊತ್ತಿರುವವರಿಗೆ ಕೊಡಿ. ಝಿಂಕ್ ಎರಕದ ಹಿಡಿಕೆ, ಲೈಟ್ ಬುಡಗಳಲ್ಲಿ ಕ್ರೋಮ್ ಗುಳ್ಳೆ ಎದ್ದಿದ್ದರೆ ಕೆಳಗಿನ ಲೋಹವೇ ಕೊಳೆತಿದೆ ಅಂತ ಅರ್ಥ. ಪ್ರತಿ ಗುಳಿ ಕೊರೆದು ತುಂಬಿಸಿ, ತಾಮ್ರ, ನಿಕಲ್, ಕ್ರೋಮ್ ಹಾಕಬೇಕು. ಒಳ್ಳೆಯ ಹೊಸದು ಸಿಕ್ಕರೆ ಅದೇ ವಾಸಿ.

ರಾತ್ರಿಗ್ಯಾರೇಜ್
ಫೆಂಡರ್ ಕೂತಿತು ಅನ್ನಿ. ಸಣ್ಣಪುಟ್ಟ ತಗ್ಗಿಗೆ ಪುಟ್ಟಿ ಹಾಕಬಹುದು ಅಲ್ವಾ? ಇಲ್ಲ ಅದಕ್ಕೂ ಬೈತೀರಾ?

ಸುತ್ತಿಗೆಡಾಲಿ
ಹಾಕಿ, ಬೈಯಲ್ಲ. 2 ಮಿ.ಮೀ. ಒಳಗಿದ್ದರೆ ಚೆನ್ನಾಗಿ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ತಗ್ಗಿದ್ದರೆ ತಗಡನ್ನೇ ಎತ್ತಬೇಕು. ಬಾಗಿಲಿನ ಅಂಚು, ಬಾನೆಟ್ ಅಂಚಿಗೆ ಮಾತ್ರ ಪುಟ್ಟಿ ಬೇಡ, ಮೊದಲ ಪೆಟ್ಟಿಗೇ ಉದುರುತ್ತದೆ. ಅಲ್ಲಿ ವೆಲ್ಡ್, ಇಲ್ಲವೇ ಸೀಸ. ಸೀಸ ಹಾಕಿದರೆ ಗ್ರೈಂಡರ್ ಹಿಡಿಯಲೇಬೇಡಿ, ಆ ಧೂಳು ವಿಷ. ಅರದಲ್ಲೇ ಇಳಿಸಿ, ಪುಡಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಹಳೆಚಕ್ರ
ಬೀಡಿಂಗ್ ಹಾಕಿ ನೋಡಿದೆ. ಕ್ರೋಮ್‌ಪಟ್ಟಿ ಅವರ ಅನುಮಾನ ನಿಜ, ಬಾಗಿಲಿನ ಹಿಂದಿನ ಅಂಚು ಹೊರಗೆ ಬಂದಿದೆ. ಲಾಕ್‌ನ ಸ್ಟ್ರೈಕರ್ (ಕಂಬದ ಮೇಲೆ ಲಾಕ್ ಸಿಕ್ಕಿಕೊಳ್ಳುವ ತುಂಡು) ಒಳಕ್ಕೆ ತಳ್ಳಿದರೆ ಮಟ್ಟಕ್ಕೆ ಬರುತ್ತದೆ, ಆದರೆ ಬಾಗಿಲನ್ನು ಜೋರಾಗಿ ಬಡಿದು ಹಾಕಬೇಕು.

ಕ್ರೋಮ್‌ಪಟ್ಟಿ
ಸ್ಟ್ರೈಕರ್ ಹಾಗೇ ಇರಲಿ. ಬಾಗಿಲು ಮುಚ್ಚಿ ಕೆಲವು ದಿನ ಬಿಡಿ, ರಬ್ಬರ್ ಸ್ವಲ್ಪ ಒತ್ತಿಕೊಳ್ಳುತ್ತದೆ. ಆಮೇಲೂ ಬಡಿಯಬೇಕಾದರೆ ಬೀಡಿಂಗ್ ದಪ್ಪವೇ ಜಾಸ್ತಿ, ಬೇರೆ ಅಳತೆಯದು ತರಿಸಿ. ಹಿಂಜ್ ಕಡೆ ಬೀಡಿಂಗ್ ಮಡಚಿಕೊಂಡು ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಎಷ್ಟೋ ಸಲ ಬಾಗಿಲು ಹೊರಗೆ ತಳ್ಳುವುದು ಅದೇ.

ತಗಡುಪ್ರೇಮಿ
ಪೇಂಟ್ ಆದ ಮೇಲೆ ಸಿಲ್ ಒಳಗೆ ವ್ಯಾಕ್ಸ್ ಸಿಂಪಡಿಸಲು ಮರೆಯಬೇಡಿ. ಸಿಂಪಡಿಸಿದ ಮೇಲೆ ಸಿಲ್‌ನ ಕೆಳಗಿನ ತೂತು, ಬಾಗಿಲಿನ ಕೆಳಗಿನ ತೂತು ಎಲ್ಲ ತಂತಿ ಹಾಕಿ ಬಿಡಿಸಿ. ವ್ಯಾಕ್ಸ್, ಸೀಲರ್ ಹೋಗಿ ಅಲ್ಲೇ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರು ಒಳಗೇ ನಿಲ್ಲುತ್ತದೆ.

ಹಳೆಚಕ್ರ
ಸರಿ ಸಾರ್. ಹಿಂಜ್ ಕಡೆ ಬೀಡಿಂಗ್ ಮಡಚಿಕೊಂಡೇ ಇತ್ತು, ಬಿಡಿಸಿ ಕೂರಿಸಿದೆ. ಬಾಗಿಲು ಈಗ ಬೆರಳಲ್ಲಿ ತಳ್ಳಿದರೂ ಮುಚ್ಚುತ್ತದೆ. ಮುಂದಿನ ಕೆಲಸ ಬಾನೆಟ್. ಇದರದ್ದು ಹಳೇ ಅಲ್ಯೂಮಿನಿಯಂ ಬಾನೆಟ್, ಮುಂದಿನ ಅಂಚು ಸ್ವಲ್ಪ ಬಗ್ಗಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.